ಯೂರಿಯಾ ಚೀಲ ಬಿಚ್ಚುವ ಮೊದಲು ಒಂದು ಗಿಡ ಅಗೆದು ನೋಡಿ: ಸಾರಜನಕದ ಹಸಿವಿಗೆ ಬೇರು ಏನು ಮಾಡುತ್ತದೆ, ಅದನ್ನು ಓದುವುದು ಹೇಗೆ

ಆ ವರ್ಷ ಪುಷ್ಯ ಮಳೆ ಹಿಡಿದದ್ದು ಬಿಡಲೇ ಇಲ್ಲ. ಕುಂದಗೋಳ ಸೀಮೆಯ ನಮ್ಮ ಎರಿ (ಕಪ್ಪು ಮಣ್ಣಿನ) ಹೊಲದಲ್ಲಿ ಗೋವಿನಜೋಳ, ಅಂದರೆ ಮೆಕ್ಕೆಜೋಳ, ಮೊಣಕಾಲೆತ್ತರ ಬಂದಿತ್ತು. ಮಳೆ ಹೊಳವಾದ ಮೇಲೆ ಹೋಗಿ ನೋಡಿದರೆ ನಡು ಹೊಲವೆಲ್ಲ ಹಳದಿ. ಕಾಕಾ ಬದುವಿನ ಮೇಲೆ ನಿಂತು ಹೇಳಿದರು, "ಗೊಂಜಾಳ ಹಸದೈತಿ ನೋಡು. ನಾಳೆ ಒಂದು ಚೀಲ ಯೂರಿಯಾ ಒಗದು ಬಿಡೂಣು." ನಾನೂ ಹೂಂ ಅಂದೆ. ಒಗೆದೆವು. ಎಂಟು ದಿನ ಕಳೆದರೂ ಹೊಲ ಹಸಿರಾಗಲಿಲ್ಲ.

ಸಿಟ್ಟು ಬಂದು ಒಂದು ಗಿಡ ಕಿತ್ತೆ. ಬೇರೆಲ್ಲ ಕಂದು. ಎರಡು ಬೆರಳಲ್ಲಿ ಹಿಡಿದು ಎಳೆದರೆ ತೊಗಟೆ ಕೈಗೆ ಬಂತು, ಒಳಗಿನ ದಾರ ಮಾತ್ರ ಉಳಿಯಿತು. ಗಟಾರದ ವಾಸನೆ. ಊಟ ಎದುರಿಗೇ ಇತ್ತು, ತಿನ್ನುವ ಬಾಯೇ ಕೊಳೆತಿತ್ತು.

ಮುಂದಿನ ವರ್ಷ ಹಿರೇಕೆರೂರು ಕಡೆ ಮಾವನ ಮಸಾರಿ (ಕೆಂಪು ಮಣ್ಣಿನ) ಹೊಲದಲ್ಲೂ ಅದೇ ಹಳದಿ. ಈ ಸಲ ಮೊದಲು ಅಗೆದೆ. ಬೇರು ಬೆಳ್ಳಗೆ, ತೆಳ್ಳಗೆ, ಉದ್ದಕ್ಕೆ ಇಳಿದಿದ್ದವು. ಅಲ್ಲಿ ಅರ್ಧ ಚೀಲ ಯೂರಿಯಾ ಕೊಟ್ಟ ವಾರಕ್ಕೆ ಬೆಳೆ ತಿರುಗಿಕೊಂಡಿತು. ಎಲೆ ನೋಡಿದರೆ ಎರಡೂ ಹೊಲ ಒಂದೇ ಥರ. ಬೇರು ನೋಡಿದರೆ ಎರಡಕ್ಕೂ ಸಂಬಂಧವೇ ಇಲ್ಲ. ಅಂದಿನಿಂದ ಸನಿಕೆ ಮುಂದೆ, ಚೀಲ ಹಿಂದೆ ಅನ್ನುವುದು ನಮ್ಮ ಮನೆಯ ರೂಢಿ. ಆ ಕೆಲಸ ಮಾಡುವ ರೀತಿ ಇಲ್ಲಿದೆ.

ಮೊದಲು, ಮಣ್ಣಿನೊಳಗಿನ ಕಥೆ

ಇದನ್ನು ಹಾರಿಸಿ ನೇರ ಅಗೆಯಲು ಹೋಗಬೇಡಿ. ಬೇರು ಯಾಕೆ ಹಾಗೆ ಬೆಳೆಯುತ್ತದೆ ಅನ್ನುವುದು ಗೊತ್ತಿಲ್ಲದಿದ್ದರೆ ಕಂಡದ್ದೂ ಅರ್ಥವಾಗುವುದಿಲ್ಲ.

ಬೇರು ಸಾರಜನಕವನ್ನು ಮುಖ್ಯವಾಗಿ ಎರಡು ರೂಪದಲ್ಲಿ ತೆಗೆದುಕೊಳ್ಳುತ್ತದೆ: ಅಮೋನಿಯಂ ಮತ್ತು ನೈಟ್ರೇಟ್. ಅಮೋನಿಯಂ ಜೇಡಿಮಣ್ಣಿಗೆ ಅಂಟಿಕೊಂಡು ಇದ್ದಲ್ಲೇ ಇರುತ್ತದೆ. ನೈಟ್ರೇಟ್ ಹಾಗಲ್ಲ, ನೀರು ಹೋದ ಕಡೆ ಹೋಗುತ್ತದೆ. ಜೋರು ಮಳೆ ಬಿದ್ದರೆ ಕೆಳಕ್ಕೆ ಇಳಿದು ಬಿಡುತ್ತದೆ. ನಾವು ಹಾಕುವ ಯೂರಿಯಾ ಮಣ್ಣಿಗೆ ಬಿದ್ದ ಕೆಲವೇ ದಿನಗಳಲ್ಲಿ ಅಮೋನಿಯಂ ಆಗುತ್ತದೆ. ಆಮೇಲೆ ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ನೈಟ್ರೇಟ್ ಮಾಡುತ್ತವೆ. ಹಾಗಾಗಿ ನಮ್ಮ ಹೊಲದ ಬೆಳೆಗಳು ಬಹುಪಾಲು ಉಣ್ಣುವುದು ಈ ಓಡುವ ನೈಟ್ರೇಟನ್ನೇ.

ಹಸಿವಾದ ಗಿಡದ ಲೆಕ್ಕಾಚಾರ ಇಲ್ಲಿಂದ ಶುರು. ಅದು ತನ್ನ ಗಳಿಕೆಯನ್ನು ಎಲೆಗೆ ಹಾಕುವುದು ಕಡಿಮೆ ಮಾಡಿ ಬೇರಿಗೆ ಹಾಕುತ್ತದೆ. ಮೇಲಿನ ಭಾಗಕ್ಕೆ ಹೋಲಿಸಿದರೆ ಬೇರಿನ ಪಾಲು ಜಾಸ್ತಿಯಾಗುತ್ತದೆ. ಆಮೇಲೂ ಸಾಲದಿದ್ದರೆ ಹಳೆಯ ಎಲೆಯ ಪ್ರೋಟೀನ್ ಒಡೆದು ಅದರ ಸಾರಜನಕವನ್ನು ಎಳೆಯ ಎಲೆಗೆ ಸಾಗಿಸುತ್ತದೆ. ಕೆಳಗಿನ ಎಲೆ ಮೊದಲು ಹಳದಿಯಾಗುವುದು ಇದಕ್ಕೇ. ಗೋವಿನಜೋಳದಲ್ಲಾದರೆ ಎಲೆಯ ತುದಿಯಿಂದ ನಡುನರದ ಗುಂಟ ಒಳಕ್ಕೆ, ತಲೆಕೆಳಗಾದ ಗೋಪುರದ ಹಾಗೆ ಹಳದಿ ನುಗ್ಗುತ್ತದೆ. ನಮ್ಮ ಕಣ್ಣಿಗೆ ಈ ಹಳದಿ ಬೀಳುವ ಹೊತ್ತಿಗೆ ಬೇರಿನ ಓಡಾಟ ಶುರುವಾಗಿ ಎಷ್ಟೋ ದಿನ ಆಗಿರುತ್ತದೆ.

ಈಗ ಮುಖ್ಯ ಮಾತು. ಹಸಿವಿನಲ್ಲಿ ಎರಡು ಮಟ್ಟ ಇವೆ, ಬೇರು ಎರಡಕ್ಕೂ ಬೇರೆ ಬೇರೆ ಥರ ನಡೆದುಕೊಳ್ಳುತ್ತದೆ. ಸಣ್ಣ ಹಸಿವಾದರೆ ಹುಡುಕುತ್ತದೆ: ಮುಖ್ಯ ಬೇರು ಉದ್ದವಾಗುತ್ತದೆ, ಅದರಿಂದ ಹೊರಟ ಪಕ್ಕದ ಬೇರುಗಳೂ ಉದ್ದವಾಗುತ್ತವೆ. ಆಕ್ಸಿನ್, ಬ್ರಾಸಿನೋಸ್ಟೀರಾಯ್ಡ್ ಎಂಬ ಗಿಡದ ಹಾರ್ಮೋನುಗಳು ಇದನ್ನು ನಡೆಸುತ್ತವೆ. ತೀರಾ ಹಸಿವಾದರೆ ಹುಡುಕಾಟವೇ ನಿಲ್ಲುತ್ತದೆ. ಪಕ್ಕದ ಬೇರು ಮೊಟಕಾಗಿ ಉಳಿಯುತ್ತವೆ, ಹೊಸದು ಹುಟ್ಟುವುದಿಲ್ಲ. ಗಿಡ ಜೀವ ಉಳಿಸಿಕೊಳ್ಳುವ ಲೆಕ್ಕಕ್ಕೆ ಬಂದಿರುತ್ತದೆ. ಈ ಎರಡನ್ನು ಬೇರ್ಪಡಿಸಿ ನೋಡಲು ಬಂದರೆ ಅಗೆದ ಶ್ರಮ ಸಾರ್ಥಕ.

ಇನ್ನೊಂದು ಜಾಣತನವೂ ಇದೆ. 1975ರಲ್ಲಿ ಮಾಲ್ಕಮ್ ಡ್ರೂ ಎಂಬ ವಿಜ್ಞಾನಿ ಬಾರ್ಲಿ ಬೇರಿನ ನಡುವಿನ ಒಂದು ತುಂಡಿಗೆ ಮಾತ್ರ ನೈಟ್ರೇಟ್ ಜಾಸ್ತಿ ಸಿಗುವಂತೆ ಮಾಡಿ ನೋಡಿದರು. ಆ ತುಂಡಿನಲ್ಲಷ್ಟೇ ಪಕ್ಕದ ಬೇರು ಪೊದೆಯಂತೆ ಬಂದವು. ಮೇಲೂ ಕೆಳಗೂ ಬೋಳು. ಪೊಟ್ಯಾಷಿಯಂಗೆ ಹೀಗೆ ಆಗಲಿಲ್ಲ. ಅಂದರೆ ಬೇರಿಗೆ ಊಟ ಎಲ್ಲಿದೆ ಅಂತ ರುಚಿ ಗೊತ್ತಾಗುತ್ತದೆ. ಬೇರಿನ ಮೇಲ್ಪದರದಲ್ಲಿರುವ ಎನ್‌ಆರ್‌ಟಿ 1.1 ಎಂಬ ಪ್ರೋಟೀನ್ ನೈಟ್ರೇಟನ್ನು ಒಳಗೂ ತರುತ್ತದೆ, ಇದೆಯೋ ಇಲ್ಲವೋ ಅಂತ ಪತ್ತೆಯೂ ಹಚ್ಚುತ್ತದೆ.

ಊಟ ಇಲ್ಲದ ಕಡೆಯ ಬೇರು ಸುಮ್ನೆ ಕೂರುವುದಿಲ್ಲ. ಸಾಸಿವೆ ಬಳಗದ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಜಪಾನಿನ ವಿಜ್ಞಾನಿಗಳು 2014ರಲ್ಲಿ ಇದನ್ನು ತೋರಿಸಿದರು. ಹಸಿದ ಬೇರು ಸಿಇಪಿ ಎಂಬ ಸಣ್ಣ ಪೆಪ್ಟೈಡನ್ನು (ಪ್ರೋಟೀನಿನಂಥದೇ ಪುಟ್ಟ ತುಣುಕು) ಮೇಲಕ್ಕೆ ಕಳಿಸುತ್ತದೆ. ಅದು ಮೇಲೆ ಮುಟ್ಟಿದ ಮೇಲೆ ಅಲ್ಲಿಂದ ಬೇರುಗಳಿಗೆ ಮರಳಿ ಸುದ್ದಿ ಬರುತ್ತದೆ. ಆಗ ನೈಟ್ರೇಟ್ ಇರುವ ಕಡೆಯ ಬೇರು ಜಾಸ್ತಿ ಹೀರತೊಡಗುತ್ತದೆ. ಕೂಡುಕುಟುಂಬದ ಹಾಗೆ ಅಲ್ವಾ? ಈ ವರ್ಷ ಇಲ್ಲಿ ಮಳೆ ಇಲ್ಲ ಅಂತ ಒಬ್ಬ ಅಣ್ಣ ಊರಿಗೆ ಫೋನ್ ಮಾಡುತ್ತಾನೆ. ಊರಿನಿಂದ ಇನ್ನೊಬ್ಬನಿಗೆ ಫೋನ್ ಹೋಗುತ್ತದೆ, ಈ ಸಲ ನೀನೇ ಸ್ವಲ್ಪ ಜಾಸ್ತಿ ಕಳಿಸು ಅಂತ.

ಹಂತ 1: ಯಾವ ಗಿಡ, ಯಾವ ದಿನ

ಹಳದಿ ಇರುವ ಜಾಗದಿಂದ ಮೂರು ಗಿಡ, ಹಸಿರಾಗಿರುವ ಜಾಗದಿಂದ ಮೂರು ಗಿಡ. ಒಂದನ್ನೇ ಅಗೆದರೆ ಏನೂ ಗೊತ್ತಾಗುವುದಿಲ್ಲ. ಬೇರು ಓದುವುದೆಂದರೆ ಹೋಲಿಸುವುದು. ಬದುವಿನ ಪಕ್ಕದ್ದು, ತಿಪ್ಪೆ ಇದ್ದ ಜಾಗದ್ದು, ದನ ಕಟ್ಟಿದ ಜಾಗದ್ದು ಬೇಡ.

ಎರಿ ಮಣ್ಣಿಗೆ ದಿನ ನೋಡಿ ಹೋಗಬೇಕು. ಹಸಿ ಇದ್ದರೆ ಸನಿಕೆಗೆ ಅಂಟಿ ಕೈ ಮುರಿಯುತ್ತದೆ. ಒಣಗಿದರೆ ಕಲ್ಲು. ಮಳೆ ನಿಂತು ಎರಡು ಮೂರು ದಿನಕ್ಕೆ, ಎಡೆ ಹೊಡೆಯುವ (ಸಾಲಿನ ನಡುವೆ ಕುಂಟೆ ಎಳೆಯುವ) ಹದ ಬಂದಾಗ, ಅಗೆಯುವುದಕ್ಕೂ ಅದೇ ಹದ. ಮಸಾರಿಯಲ್ಲಿ ಯಾವಾಗಲಾದರೂ ಆದೀತು.

ಗೋವಿನಜೋಳವನ್ನು ಎರಡು ಸಲ ಅಗೆದರೆ ಒಳ್ಳೆಯದು. ಆರನೆಯ ಎಲೆ ಪೂರ್ತಿ ಬಿಚ್ಚಿದಾಗ ಒಮ್ಮೆ. ಆಗ ಬೀಜದಿಂದ ಬಂದ ಮೊದಲ ಬೇರುಗಳ ಕೆಲಸ ಕಡಿಮೆಯಾಗಿ ಕಾಂಡದ ಗಿಣ್ಣಿನಿಂದ ಹೊರಟ ಬೇರುಗಳು ಯಜಮಾನಿಕೆ ವಹಿಸಿಕೊಳ್ಳುತ್ತಿರುತ್ತವೆ. ಸೂಲಂಗಿ (ಗಿಡದ ತುದಿಯ ಹೂಗೊಂಚಲು) ಬರುವ ಮೊದಲು ಇನ್ನೊಮ್ಮೆ.

ಹಂತ 2: ಅಗೆಯುವುದು, ತೊಳೆಯುವುದು

ಬೇಕಾದದ್ದು ಇಷ್ಟು: ಸನಿಕೆ, ಎರಡು ಬಕೆಟ್, ಒಂದು ಚಿಟಿಕೆ ಬಟ್ಟೆ ಒಗೆಯುವ ಪುಡಿ, ಬ್ಲೇಡು, ಸ್ಕೇಲು, ಒಂದು ಖಾಲಿ ಗೊಬ್ಬರದ ಚೀಲ. ಚೀಲವನ್ನು ಒಳಹೊರಗು ಮಾಡಿ ಹಾಸಿದರೆ ಬಿಳಿ ಹಿನ್ನೆಲೆ ಸಿಗುತ್ತದೆ. ಬೇರಿನ ಫೋಟೋ ಅದರ ಮೇಲೆ ಚೆನ್ನಾಗಿ ಬರುತ್ತದೆ.

ಕಾಂಡದಿಂದ ಒಂದು ಗೇಣು, ಅಂದಾಜು 20 ಸೆಂಟಿಮೀಟರ್, ದೂರ ಬಿಟ್ಟು ಸುತ್ತಲೂ ಸನಿಕೆ ನೇರವಾಗಿ ಇಳಿಸಿ. ಆಳ 25 ಸೆಂಟಿಮೀಟರ್. ನಾಲ್ಕೂ ಕಡೆ ಸಡಿಲವಾದ ಮೇಲೆ ಕೆಳಗಿನಿಂದ ಮೀಟಿ ಹೆಂಟೆಯ ಸಮೇತ ಎತ್ತಿ. ಕಾಂಡ ಹಿಡಿದು ಎಳೆಯಲೇಬೇಡಿ. ಎಳೆದರೆ ತೆಳು ಬೇರೆಲ್ಲ ಮಣ್ಣಿನಲ್ಲೇ ಹರಿದು ಉಳಿಯುತ್ತವೆ. ನಾವು ನೋಡಬೇಕಾದದ್ದೇ ಅವನ್ನು. ಆರೂ ಗಿಡಕ್ಕೆ ಒಂದೇ ಅಳತೆ ಇರಲಿ.

ಹೆಂಟೆಯನ್ನು ಪುಡಿ ಕಲಸಿದ ನೀರಿನಲ್ಲಿ ಮುಳುಗಿಸಿಡಿ. ಮಸಾರಿ ಮಣ್ಣು ಅರ್ಧ ತಾಸಿಗೆ ಬಿಡುತ್ತದೆ. ಎರಿ ಮಣ್ಣಿಗೆ ರಾತ್ರಿಯಿಡೀ ಬೇಕು. ನಾನು ಸಂಜೆ ಅಗೆದು ಮನೆಯ ಹಿತ್ತಲಲ್ಲಿ ನೆನೆಸಿ ಬೆಳಿಗ್ಗೆ ತೊಳೆಯುತ್ತೇನೆ. ಹೆಂಟೆಯನ್ನು ಕೈಯಿಂದ ಹಿಸುಕಬೇಡಿ. ನೀರಿನಲ್ಲಿ ಮೇಲೆ ಕೆಳಗೆ ಆಡಿಸಿದರೆ ಸಾಕು, ಮಣ್ಣು ತಾನೇ ಉದುರುತ್ತದೆ. ಮನೆಯವರು ಬೈಯುತ್ತಾರೆ, ಬಕೆಟ್ ತೊಳೆದಿಟ್ಟರೆ ಮುಗಿಯಿತು.

ಹಂತ 3: ಬೇರು ಓದುವುದು

ಮೊದಲು ಬಣ್ಣ ಮತ್ತು ವಾಸನೆ. ಜೀವ ಇರುವ ಬೇರು ಬಿಳಿ ಅಥವಾ ಕೆನೆ ಬಣ್ಣ, ಮುರಿದರೆ ಟಕ್ ಅನ್ನುತ್ತದೆ. ಕಂದು ಆಗಿ, ತೊಗಟೆ ಜಾರಿ, ನಾತ ಹೊಡೆದರೆ ನೀರು ನಿಂತು ಉಸಿರು ಕಟ್ಟಿದೆ. ಇದು ಕಂಡರೆ ಮುಂದಿನ ಓದು ನಿಲ್ಲಿಸಿ, ಹಂತ 5ಕ್ಕೆ ಹೋಗಿ.

ಆಮೇಲೆ ಕೋನ. ಇದು ನನಗೆ ಬಹಳ ಇಷ್ಟವಾದ ಭಾಗ. ತೊಳೆದ ಗೋವಿನಜೋಳದ ಬುಡವನ್ನು ಎದುರಿಗೆ ಹಿಡಿಯಿರಿ. ಗಿಣ್ಣಿನಿಂದ ಹೊರಟ ಬೇರುಗಳು ಕೊಡೆ ಬಿಚ್ಚಿದ ಹಾಗೆ ಹರಡಿವೆಯೋ, ಮಡಚಿದ ಕೊಡೆಯ ಹಾಗೆ ಕೆಳಕ್ಕೆ ಇಳಿದಿವೆಯೋ? ಸಾರಜನಕ ಕಡಿಮೆ ಇದ್ದ ಮಣ್ಣಿನಲ್ಲಿ ಗೋವಿನಜೋಳದ ಬೇರು ಹೆಚ್ಚು ಕಡಿದಾಗಿ ಕೆಳಗಿಳಿಯುತ್ತವೆ. ನೈಟ್ರೇಟ್ ಕೆಳಗೆ ಓಡಿದೆ, ಬೇರು ಅದರ ಬೆನ್ನು ಹತ್ತಿದೆ.

ಮೂರನೆಯದು ಸಂಖ್ಯೆ. ಪ್ರತಿ ಗಿಣ್ಣಿನ ಸುತ್ತಿನಲ್ಲಿ ಎಷ್ಟು ಬೇರು ಅಂತ ಎಣಿಸಿ. ಹಸಿದ ಗಿಡದಲ್ಲಿ ಸಂಖ್ಯೆ ಕಡಿಮೆ, ಇರುವವು ಉದ್ದ. ಅಯ್ಯೋ, ಬೇರು ಕಡಿಮೆಯಾದರೆ ನಷ್ಟ ಅಲ್ವಾ ಅಂತ ಅನ್ನಿಸುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯ ವಿಶ್ವವಿದ್ಯಾಲಯದ ಜೊನಾಥನ್ ಲಿಂಚ್ ಮತ್ತು ಜೊತೆಗಾರರು ಇದನ್ನೇ ವರ್ಷಗಟ್ಟಲೆ ಅಗೆದು ನೋಡಿದರು. ಮೇಲೆ ಹೇಳಿದ ಅಗೆಯುವ ಪದ್ಧತಿಯೂ ಹೆಚ್ಚು ಕಡಿಮೆ ಅವರದೇ. ಸಾರಜನಕ ಕಡಿಮೆ ಇರುವ ಮಣ್ಣಿನಲ್ಲಿ, ಗಿಣ್ಣಿನ ಬೇರು ಕಡಿಮೆ ಇದ್ದ ತಳಿಗಳೇ ಆಳಕ್ಕೆ ಇಳಿದು ಹೆಚ್ಚು ಸಾರಜನಕ ತಂದವು. ಹತ್ತು ಬೇರನ್ನು ಅರ್ಧ ದಾರಿಗೆ ಕಳಿಸುವ ಬದಲು ಐದನ್ನು ಊರು ಮುಟ್ಟಿಸಿದ ಹಾಗೆ. ಕಡಿದಾದ, ಖರ್ಚು ಕಡಿಮೆಯ, ಆಳದ ಬೇರು ಗೋವಿನಜೋಳಕ್ಕೆ ಒಳ್ಳೆಯದು ಅಂತ ಲಿಂಚ್ 2013ರಲ್ಲಿ ಬರೆದರು.

ಖರ್ಚು ಅಂದೆನಲ್ಲ, ಅದನ್ನು ಕಣ್ಣಾರೆ ನೋಡಬಹುದು. ಒಂದು ದಪ್ಪ ಬೇರನ್ನು ಬ್ಲೇಡಿನಿಂದ ಅಡ್ಡಕ್ಕೆ ತೆಳ್ಳಗೆ ಕೊಯ್ದು ಬೆಳಕಿಗೆ ಹಿಡಿಯಿರಿ. ಭೂತಕನ್ನಡಿ ಇದ್ದರೆ ಇನ್ನೂ ಒಳ್ಳೆಯದು. ನಡುವಿನ ಗಟ್ಟಿ ಉಂಗುರದ ಸುತ್ತ ಸಣ್ಣ ಸಣ್ಣ ಗಾಳಿಗೂಡು ಕಂಡರೆ, ಗಿಡ ತನ್ನದೇ ಜೀವಕೋಶಗಳನ್ನು ಸಾಯಿಸಿ ಜಾಗ ಖಾಲಿ ಮಾಡಿದೆ. ಜೀವ ಇರುವ ಕೋಶ ಕಡಿಮೆಯಾದಷ್ಟು ಆ ಬೇರನ್ನು ಸಾಕುವ ಖರ್ಚೂ ಕಡಿಮೆ. ಅದರಲ್ಲಿದ್ದ ಸಾರಜನಕವೂ ಬೇರೆ ಕಡೆ ಬಳಕೆಗೆ ಸಿಗುತ್ತದೆ. ನೀರು ನಿಂತಾಗಲೂ ಇಂಥ ಗೂಡು ಬರುತ್ತವೆ, ಹಾಗಾಗಿ ಬಣ್ಣ ಮತ್ತು ವಾಸನೆಯ ಜೊತೆ ಸೇರಿಸಿಯೇ ಓದಬೇಕು.

ನಾಲ್ಕನೆಯದು ಪಕ್ಕದ ಬೇರು. ಒಂದು ದಪ್ಪ ಬೇರನ್ನು ಚೀಲದ ಮೇಲೆ ಚಾಚಿ, ಸ್ಕೇಲಿನ ಪಕ್ಕ ಇಡಿ. ಕೂದಲಿನಂಥ ಪಕ್ಕದ ಬೇರು ಉದ್ದವಾಗಿ, ಸ್ವಲ್ಪ ವಿರಳವಾಗಿ ಇದ್ದರೆ ಹುಡುಕಾಟದ ಹಸಿವು. ಒಂದೇ ಕಡೆ ಪೊದೆ ಕಟ್ಟಿದ್ದರೆ ಅಲ್ಲಿ ಗೊಬ್ಬರದ ಹರಳು ಅಥವಾ ಸಗಣಿಯ ತುಂಡು ಸಿಕ್ಕಿದೆ. ಎಲ್ಲ ಕಡೆ ಮೊಟಕಾಗಿ, ಗಿಡವೂ ಕುಳ್ಳಾಗಿದ್ದರೆ ತೀರಾ ಹಸಿವು. ಮಾವನ ಹೊಲದ ಆ ಗಿಡದ ಒಂದು ಪಕ್ಕದ ಬೇರು ನನ್ನ ಕಿರುಬೆರಳಿಗಿಂತ ಉದ್ದ ಇತ್ತು. ಹಸಿರು ಗಿಡದ್ದು ಅದರ ಅರ್ಧ.

ರಂಜಕದ ಕೊರತೆಯನ್ನು ಇದರ ಜೊತೆ ಕಲಸಬೇಡಿ. ರಂಜಕ ಮೇಲ್ಮಣ್ಣಿನಲ್ಲಿ ಕೂತಲ್ಲೇ ಕೂರುವ ಜಾತಿ. ಅದಕ್ಕೆ ಹಸಿದ ಬೇರು ಮೇಲೆ ಮೇಲೆಯೇ ಹರಡಿ ರೋಮ ಜಾಸ್ತಿ ಬಿಡುತ್ತದೆ. ಎಲೆಯಲ್ಲೂ ನೇರಳೆ ಛಾಯೆ ಬರುತ್ತದೆ. ಇನ್ನು ಎಳೆಯ ಎಲೆಯೇ ಮೊದಲು ಹಳದಿಯಾಗಿ ನರ ಮಾತ್ರ ಹಸಿರು ಉಳಿದರೆ ಅದು ಕಬ್ಬಿಣದ ಕೊರತೆ. ಸುಣ್ಣ ಜಾಸ್ತಿ ಇರುವ ಎರಿ ಮಣ್ಣಿನ ಶೇಂಗಾ, ಸೋಯಾದಲ್ಲಿ ಇದು ಮಾಮೂಲು. ಎಳೆಯ ಎಲೆ ನರದ ಸಮೇತ ಪೂರ್ತಿ ತಿಳಿಹಳದಿಯಾದರೆ ಗಂಧಕದ ಕಡೆ ನೋಡಿ. ಯೂರಿಯಾ ಈ ಯಾವುದಕ್ಕೂ ಔಷಧ ಅಲ್ಲ.

ಐದನೆಯದು ತೂಕ. ಬೇಕೆಂದವರಿಗೆ ಮಾತ್ರ. ನೆಲಮಟ್ಟಕ್ಕೆ ಕತ್ತರಿಸಿ, ಬೇರು ಬೇರೆ, ಮೇಲಿನದು ಬೇರೆ ಒಣಗಿಸಿ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬೇರಿನ ಪಾಲು ನೋಡಿ. ಅಗೆದಾಗ ಬೇರಿನ ಒಂದು ಭಾಗ ಮಾತ್ರ ಕೈಗೆ ಬರುತ್ತದೆ. ಆದ್ದರಿಂದ ನಿಮ್ಮ ಆರು ಗಿಡಗಳ ನಡುವೆ ಹೋಲಿಸಿ, ಬೇರೆಯವರ ಅಂಕಿಗಳ ಜೊತೆ ಬೇಡ.

ಹಂತ 4: ಹೆಸರು, ಶೇಂಗಾ, ಕಡಲೆಗೆ ಬೇರೆ ಓದು

ಗದಗ ಕಡೆಯವರಿಗೆ ಇದೇ ಮುಖ್ಯ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ. ಈ ಗಿಡಗಳ ಬೇರು ಹಸಿವಿಗೆ ಹೊಂದಿಕೊಳ್ಳುವ ದಾರಿಯೇ ಬೇರೆ: ಬ್ಯಾಕ್ಟೀರಿಯಾವನ್ನು ಮನೆಯೊಳಗೆ ಇಟ್ಟುಕೊಂಡು ಗಾಳಿಯ ಸಾರಜನಕ ತರಿಸುತ್ತವೆ. ಬೇರಿನಲ್ಲಿ ಕಾಣುವ ಗಂಟುಗಳೇ ಆ ಮನೆ.

ಬಿತ್ತಿದ 30 ದಿನದ ಆಸುಪಾಸು ಅಗೆಯಿರಿ. ಗಂಟನ್ನು ಉಗುರಿನಿಂದ ಸೀಳಿ. ಒಳಗೆ ಗುಲಾಬಿ ಅಥವಾ ಕೆಂಪು ಇದ್ದರೆ ಕಾರ್ಖಾನೆ ನಡೆದಿದೆ. ಆ ಬಣ್ಣ ಲೆಗ್‌ಹಿಮೋಗ್ಲೋಬಿನ್‌ನದು, ನಮ್ಮ ರಕ್ತದ ಹಿಮೋಗ್ಲೋಬಿನ್‌ನ ದಾಯಾದಿ. ಬಿಳಿ ಇದ್ದರೆ ಎಳೆಯದು ಅಥವಾ ಕೆಲಸಕ್ಕೆ ಬಾರದ್ದು. ಹಸಿರು ಅಥವಾ ಕಂದು ಇದ್ದರೆ ಮುದಿಯಾಗಿದೆ.

ಗಂಟು ಸಾಕುವುದು ಗಿಡಕ್ಕೆ ದುಬಾರಿ. ಅದಕ್ಕೇ ಮಣ್ಣಿನಲ್ಲಿ ನೈಟ್ರೇಟ್ ಧಾರಾಳ ಸಿಕ್ಕರೆ ಗಂಟು ಕಟ್ಟುವುದನ್ನೇ ಕಡಿಮೆ ಮಾಡುತ್ತದೆ. ಹೆಸರು ಬೆಳೆಗೆ ಮೇಲುಗೊಬ್ಬರ ಅಂತ ಯೂರಿಯಾ ಚೆಲ್ಲುವವರನ್ನು ಕಂಡರೆ ನನಗೆ ಕೆಡುಕೆನಿಸುತ್ತದೆ. ಪುಕ್ಕಟೆ ದುಡಿಯುವವನಿಗೆ ರಜೆ ಕೊಟ್ಟು ಕೂಲಿ ಆಳು ಕರೆದ ಹಾಗೆ. ಬಿತ್ತುವಾಗ ಕೊಡುವ ಅಲ್ಪ ಪ್ರಮಾಣ ಸಾಕು. ಗಂಟು ಕಟ್ಟುವ ತನಕ ಅದು ಗಿಡವನ್ನು ಸಾಗಿಸುತ್ತದೆ.

ಗಂಟೇ ಇಲ್ಲದಿದ್ದರೆ ಮುಂದಿನ ಸಲ ರೈಜೋಬಿಯಂ (ಗಂಟು ಕಟ್ಟಿಸುವ ಆ ಬ್ಯಾಕ್ಟೀರಿಯಾದ ಪುಡಿ) ಬೀಜೋಪಚಾರ ಮಾಡಿ. ಬೆಲ್ಲದ ನೀರು ಆರಿಸಿ, ಬೀಜಕ್ಕೆ ಸವರಿ, ಪುಡಿ ಹಚ್ಚಿ, ನೆರಳಿನಲ್ಲಿ ಒಣಗಿಸಿ, ಬೇಗ ಬಿತ್ತಿ. ಶಿಲೀಂಧ್ರನಾಶಕ ಹಚ್ಚುವುದಿದ್ದರೆ ಅದು ಮೊದಲು, ರೈಜೋಬಿಯಂ ಕೊನೆಗೆ. ಹೆಸರಿನದನ್ನು ಕಡಲೆಗೆ, ಕಡಲೆಯದನ್ನು ಸೋಯಾಕ್ಕೆ ಹಚ್ಚಿದರೆ ನಡೆಯುವುದಿಲ್ಲ. ಪ್ಯಾಕೆಟ್ಟಿನ ಮೇಲಿನ ಬೆಳೆಯ ಹೆಸರು ಮತ್ತು ಕೊನೆಯ ದಿನಾಂಕ ಓದಿ ತನ್ನಿ.

ಹಂತ 5: ಓದಿದ ಮೇಲೆ ಮಾಡುವುದು

ಬೇರು ಬೆಳ್ಳಗೆ, ಉದ್ದ, ಮಣ್ಣಿನಲ್ಲಿ ಹಸಿ ಇದೆ. ಇದು ಯೂರಿಯಾ ಕೊಡಲು ಹೇಳಿ ಮಾಡಿಸಿದ ಹೊತ್ತು. ಹಸಿದ ಬೇರಿನಲ್ಲಿ ನೈಟ್ರೇಟ್ ಹೀರುವ ಬಾಗಿಲುಗಳೂ ಜಾಸ್ತಿಯಾಗಿರುತ್ತವೆ, ಸ್ವಲ್ಪ ಕೊಟ್ಟರೂ ಹಿಡಿದುಕೊಳ್ಳುತ್ತದೆ. ಬುಡಕ್ಕೆ ಸುರಿಯಬೇಡಿ. ಬುಡದಲ್ಲಿರುವುದು ಹಳೆಯ ಬೇರು, ಚುರುಕಾಗಿ ಹೀರುವ ಎಳೆಯ ಬೇರು ಅದರಾಚೆ ಇವೆ. ಸಾಲಿನಿಂದ ನಾಲ್ಕು ಬೆರಳು ಆಚೆ ಹಾಕಿ, ಎಡೆಕುಂಟೆ ಹೊಡೆದು ಮಣ್ಣು ಮುಚ್ಚಿ. ಮೇಲೆ ಬಿಟ್ಟರೆ ಅಮೋನಿಯಾ ಅನಿಲವಾಗಿ ಗಾಳಿಗೆ ಹೋಗುತ್ತದೆ. ಪಿಎಚ್ ಜಾಸ್ತಿ ಇರುವ, ಅಂದರೆ ಕ್ಷಾರದ ಗುಣದ, ನಮ್ಮ ಎರಿ ಮಣ್ಣಿನಲ್ಲಿ ಆ ನಷ್ಟ ಇನ್ನೂ ಜಾಸ್ತಿ. ಲೆಕ್ಕ ನೆನಪಿರಲಿ: ಯೂರಿಯಾದಲ್ಲಿ ಸಾರಜನಕ ಶೇ. 46. ಈಗಿನ 45 ಕಿಲೋ ಚೀಲದಲ್ಲಿ 20.7 ಕಿಲೋ. ಬಿತ್ತುವಾಗ ಒಂದು ಚೀಲ ಡಿಎಪಿ (ಸಾರಜನಕ, ರಂಜಕ ಎರಡೂ ಇರುವ ಗೊಬ್ಬರ) ಹಾಕಿದ್ದರೆ ಅದರಲ್ಲೇ 9 ಕಿಲೋ ಸಾರಜನಕ ಹೋಗಿದೆ, ಕೊಡಬೇಕಾದ ಒಟ್ಟು ಲೆಕ್ಕದಿಂದ ಅದನ್ನು ಕಳೆಯಿರಿ.

ಬೇರು ಮೊಟಕು, ಗಿಡ ಕುಳ್ಳು. ಒಂದೇ ಸಲ ಪೂರ್ತಿ ಕೊಡಬೇಡಿ. ಅಷ್ಟು ಸಣ್ಣ ಬೇರಿಗೆ ಅಷ್ಟನ್ನು ಹಿಡಿಯಲು ಆಗುವುದಿಲ್ಲ. ಮಸಾರಿಯಲ್ಲಿ ಒಂದು ದೊಡ್ಡ ಮಳೆಗೆ ಉಳಿದದ್ದೆಲ್ಲ ಕೆಳಗೆ ಹೋಗುತ್ತದೆ. ಅರ್ಧ ಈಗ, ಅರ್ಧ ಎರಡು ವಾರ ಬಿಟ್ಟು.

ಬೇರು ಕಂದು, ನಾತ. ಚೀಲ ಕಟ್ಟಿಡಿ. ಮೊದಲು ಬಸಿಗಾಲುವೆ ತೆಗೆದು ನೀರು ಹೊರಗೆ ಹಾಕಿ. ನೀರು ನಿಂತ ಮಣ್ಣಿನಲ್ಲಿ ಗಾಳಿ ಇಲ್ಲದ್ದಕ್ಕೆ ಸೂಕ್ಷ್ಮಜೀವಿಗಳು ನೈಟ್ರೇಟನ್ನೇ ಒಡೆದು ಅನಿಲ ಮಾಡಿ ಹಾರಿಸುತ್ತವೆ. ನಮ್ಮ ಆ ಚೀಲ ಹೋದದ್ದೂ ಬಹುಶಃ ಹೀಗೇ. ಹದ ಬಂದ ಕೂಡಲೇ ಎಡೆ ಹೊಡೆಯಿರಿ. ನಾಲ್ಕೈದು ದಿನ ಬಿಟ್ಟು ಮತ್ತೆ ಒಂದು ಗಿಡ ಅಗೆದು ನೋಡಿ. ಗಿಣ್ಣಿನಿಂದ ಹೊಸ ಬಿಳಿ ತುದಿ ಇಣುಕಿದ್ದರೆ ಆಗ ಗೊಬ್ಬರ ಕೊಡಿ. ಅಲ್ಲಿಯ ತನಕ ತಡೆಯಲು ಆಗದಿದ್ದರೆ ಶೇ. 2ರ ಯೂರಿಯಾ ಸಿಂಪಡಣೆ ಮಾಡಬಹುದು. ಅಂದರೆ ಲೀಟರಿಗೆ 20 ಗ್ರಾಂ, ತಂಪು ಹೊತ್ತಿನಲ್ಲಿ.

ಬೇರು ಚೆನ್ನಾಗಿದೆ, ಮೇಲ್ಮಣ್ಣು ಒಣಗಿದೆ. ಹಿಂಗಾರಿಯಲ್ಲಿ ಇದು ಪ್ರತಿ ವರ್ಷದ ಕಥೆ. ಬಿಳಿಜೋಳ, ಕಡಲೆ, ಕುಸುಬೆ ಎಲ್ಲ ಮಣ್ಣಿನಾಳದ ಹಸಿಯ ಮೇಲೆ ಬದುಕುತ್ತವೆ. ಮೇಲೆ ಚೆಲ್ಲಿದ ಗೊಬ್ಬರ ಒಣ ಮಣ್ಣಿನಲ್ಲಿ ಹಾಗೇ ಬಿದ್ದಿರುತ್ತದೆ. ನೀರಿಲ್ಲದೆ ನೈಟ್ರೇಟ್ ಬೇರಿನ ತನಕ ಬರುವುದಿಲ್ಲ. ಹಿಂಗಾರಿ ಜೋಳಕ್ಕೆ ಕೊಡುವುದನ್ನೆಲ್ಲ ಬಿತ್ತುವಾಗಲೇ ಕೂರಿಗೆಯಿಂದ ಹಸಿ ಇರುವ ಆಳಕ್ಕೆ ಕೊಟ್ಟುಬಿಡಬೇಕು. ಮರೆತಿದ್ದರೆ ಸಿಂಪಡಣೆಯೊಂದೇ ದಾರಿ.

ಬೇರು ಒಂದು ಗೇಣಿನ ಒಳಗೇ ಅಡ್ಡಕ್ಕೆ ಬಾಗಿದೆ. ಕೆಳಗೆ ಗಟ್ಟಿ ಪದರ ಕಟ್ಟಿದೆ. ವರ್ಷ ವರ್ಷ ಒಂದೇ ಆಳಕ್ಕೆ ರೋಟವೇಟರ್ ಹೊಡೆದರೆ ಹೀಗಾಗುತ್ತದೆ. ಈ ಬೆಳೆಗೆ ಏನೂ ಮಾಡಲಾಗದು, ಬೇಸಿಗೆಯಲ್ಲಿ ಆಳ ಉಳುಮೆ ಮಾಡಿ. ಬೇರು ಕಡಿದಂತಿದ್ದರೆ ಹೆಂಟೆ ಒಡೆದು ಗೊಣ್ಣೆಹುಳ ಹುಡುಕಿ.

ಕೊನೆಯದು ನನ್ನದೇ ತಪ್ಪು. ಒಂದು ವರ್ಷ ಗೋವಿನಜೋಳದ ಹಸಿ ದಂಟನ್ನು ಪುಡಿ ಮಾಡಿ ಮಣ್ಣಿಗೆ ಸೇರಿಸಿ, ಹದಿನೈದು ದಿನಕ್ಕೇ ಬಿಳಿಜೋಳ ಬಿತ್ತಿದೆ. ಭೂಮಿಗೆ ಒಳ್ಳೆಯದು ಮಾಡಿದೆ ಅಂತ ಜಂಬ ಬೇರೆ. ತಿಂಗಳೊಳಗೆ ಹೊಲ ತೆಳುಹಳದಿ. ಬೇರು ನೋಡಿದರೆ ಬೆಳ್ಳಗೆ, ದಾರದಂತೆ ಉದ್ದ, ಪಕ್ಕಾ ಹಸಿವು. ದಂಟಿನಲ್ಲಿ ಒಂದು ಪಾಲು ಸಾರಜನಕಕ್ಕೆ ಸುಮಾರು 60 ಪಾಲು ಇಂಗಾಲ ಇರುತ್ತದೆ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳಿಗೆ ಸಾರಜನಕ ಸಾಲದೆ ಮಣ್ಣಿನಲ್ಲಿದ್ದದ್ದನ್ನೇ ಅವು ಮೊದಲು ಕಬಳಿಸುತ್ತವೆ. ದಂಟು ಸೇರಿಸುವುದು ಒಳ್ಳೆಯ ಕೆಲಸವೇ. ಆದರೆ ಮುಂದಿನ ಬೆಳೆಗೆ ಸಾಕಷ್ಟು ಮುಂಚೆ ಸೇರಿಸಿ, ಇಲ್ಲವೇ ಸ್ವಲ್ಪ ಯೂರಿಯಾ ಜೊತೆಗೆ ಕೊಡಿ. ತಿಪ್ಪೆಯಲ್ಲಿ ಚೆನ್ನಾಗಿ ಕಳಿತ ಗೊಬ್ಬರಕ್ಕೆ ಈ ತೊಂದರೆ ಇಲ್ಲ.

ಹಂತ 6: ಸಾಕ್ಷಿಗೆ ಎರಡು ಸಾಲು

ಪ್ರತಿ ಹೊಲದಲ್ಲಿ ಎರಡು ಸಾಲಿಗೆ, ಹತ್ತು ಮಾರು ಉದ್ದಕ್ಕೆ, ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ ಯೂರಿಯಾ ಮೊದಲೇ ಕೊಟ್ಟು ಗೂಟ ನೆಡಿ. ಉಳಿದ ಹೊಲ ಆ ಸಾಲಿನಷ್ಟೇ ಹಸಿರಿದ್ದರೆ ಮೇಲುಗೊಬ್ಬರಕ್ಕೆ ಅವಸರವಿಲ್ಲ. ಬಣ್ಣ ಬೇರೆಯಾಗತೊಡಗಿದರೆ ಹಸಿವು ಶುರು. ಎರಡೂ ಹಳದಿಯಾದರೆ ತೊಂದರೆ ಬರೀ ಸಾರಜನಕದ್ದಲ್ಲ. ಖರ್ಚು ಒಂದು ಬೊಗಸೆ ಯೂರಿಯಾ. ಈ ಬರಹದಲ್ಲಿ ಒಂದನ್ನೇ ಮಾಡುತ್ತೀರಾದರೆ ಇದನ್ನು ಮಾಡಿ.

ಮಣ್ಣು ಪರೀಕ್ಷೆಗೆ ಧಾರವಾಡದ ಕೃಷಿ ವಿಶ್ವವಿದ್ಯಾಲಯ, ಗದಗದವರಿಗೆ ಹುಲಕೋಟಿ, ಹಾವೇರಿಯವರಿಗೆ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ವಿಚಾರಿಸಿ. ಚೀಟಿಯಲ್ಲಿ ಸಾವಯವ ಇಂಗಾಲ ಶೇ. 0.5ಕ್ಕಿಂತ ಕಡಿಮೆ ಅಥವಾ ಲಭ್ಯ ಸಾರಜನಕ ಹೆಕ್ಟೇರಿಗೆ 280 ಕಿಲೋಗಿಂತ ಕಡಿಮೆ ಇದ್ದರೆ ಮಣ್ಣು ಬಡವಾಗಿದೆ.

ಮನೆಯಲ್ಲಿ ಮಕ್ಕಳ ಜೊತೆ ನೋಡಬೇಕಿದ್ದರೆ

ಎರಡು ಲೀಟರಿನ ಎರಡು ಪಾರದರ್ಶಕ ಬಾಟಲಿಯ ಕುತ್ತಿಗೆ ಕತ್ತರಿಸಿ, ತಳಕ್ಕೆ ತೂತು ಮಾಡಿ, ಚೆನ್ನಾಗಿ ತೊಳೆದ ಉಸುಕು ತುಂಬಿ. ಗೋಡೆಗೆ ಅಂಟಿದಂತೆ ಒಂದೊಂದು ಗೋವಿನಜೋಳದ ಬೀಜ ಊರಿ. ಬೀಜ ಇರುವ ಕಡೆ ಕೆಳಗಾಗುವಂತೆ ಬಾಟಲಿಯನ್ನು ಓರೆಯಾಗಿ ನಿಲ್ಲಿಸಿ. ಬೇರು ಗೋಡೆಯ ಗುಂಟ ಇಳಿಯುತ್ತದೆ. ಬೆಳಕು ಬೀಳದಂತೆ ಕಪ್ಪು ಬಟ್ಟೆ ಸುತ್ತಿ. ಒಂದಕ್ಕೆ ಲೀಟರಿಗೆ ಅರ್ಧ ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿದ ನೀರು, ಇನ್ನೊಂದಕ್ಕೆ ಬರೀ ನೀರು. ಎರಡಕ್ಕೂ ವಾರಕ್ಕೊಮ್ಮೆ, ಬೇರೆ ದಿನ, ಒಂದು ಚಿಟಿಕೆ 0-52-34 (ಸಾರಜನಕ ಇಲ್ಲದ, ರಂಜಕ ಮತ್ತು ಪೊಟ್ಯಾಷ್ ಇರುವ ಗೊಬ್ಬರ) ಕರಗಿಸಿ ಹಾಕಿ. ಎರಡು ಗೊಬ್ಬರವನ್ನೂ ಒಂದೇ ನೀರಿಗೆ ಹಾಕಿದರೆ ಸುಣ್ಣದ ಹಾಗೆ ತಳಕ್ಕೆ ಕೂರುತ್ತದೆ. ಕೆಲವು ಬೋರ್‌ವೆಲ್ ನೀರಿನಲ್ಲಿ ನೈಟ್ರೇಟ್ ಇರುತ್ತದೆ, ಆದ್ದರಿಂದ ಮಳೆ ನೀರು ಬಳಸಿ.

ಮೊದಲ ವಾರ ಎರಡೂ ಒಂದೇ ಥರ ಇರುತ್ತವೆ, ಬೀಜದ ಬುತ್ತಿ ಇನ್ನೂ ಮುಗಿದಿರುವುದಿಲ್ಲ. ಹದಿನೈದು ಇಪ್ಪತ್ತು ದಿನಕ್ಕೆ ಬಟ್ಟೆ ಬಿಚ್ಚಿ. ಬರೀ ನೀರಿನ ಬಾಟಲಿಯ ಗಿಡ ಸಣಕಲಾಗಿರುತ್ತದೆ. ಅದರ ಬೇರು ಮಾತ್ರ ಮೇಲಿನ ಗಿಡಕ್ಕೆ ಹೋಲಿಸಿದರೆ ದೊಡ್ಡದಾಗಿ ಕಾಣುತ್ತದೆ. ನನ್ನ ಮಗಳು ಅದನ್ನು ನೋಡಿ ಕೇಳಿದಳು, "ಅಪ್ಪಾ, ಇದಕ್ಕ ಊಟಾನೇ ಕೊಟ್ಟಿಲ್ಲ, ಮತ್ತ್ ಇಷ್ಟ್ಯಾಕ ಬೆಳದೈತಿ?" ಕಾಕಾ ಪಕ್ಕದಲ್ಲೇ ಕೂತಿದ್ದರು. "ಹುಡುಕ್ಯಾಡಾಕ ಹೋಗೈತಿ, ತಂಗಿ" ಅಂದರು.